ದಾರಿಯಲ್ಲಿ ಸೋರುವುದರ ಲೆಕ್ಕ

ಸೋರಿಕೆ ಎಂಬ ಮಾತು ನಮ್ಮ ಸಾರ್ವಜನಿಕ ಜೀವನದಲ್ಲಿ ಎಷ್ಟು ಸವೆದುಹೋಗಿದೆಯೆಂದರೆ, ಅದನ್ನು ಕೇಳಿ ಈಗ ಯಾರೂ ಬೆಚ್ಚುವುದಿಲ್ಲ. ಸರ್ಕಾರ ಬಡವರಿಗೆಂದು ವೆಚ್ಚ ಮಾಡುವ ಒಂದು ರೂಪಾಯಿಯಲ್ಲಿ ಹದಿನೈದು ಪೈಸೆ ಮಾತ್ರ ಅವರನ್ನು ಮುಟ್ಟುತ್ತದೆ ಎಂದು ಆಗಿನ ಪ್ರಧಾನಿ ರಾಜೀವ್ ಗಾಂಧಿಯವರು 1985ರಲ್ಲಿ ಹೇಳಿದ್ದನ್ನು ನಾವೆಲ್ಲ ಸಾವಿರ ಸಲ ಉಲ್ಲೇಖಿಸಿದ್ದೇವೆ. ಉಳಿದ ಎಂಬತ್ತೈದು ಪೈಸೆ ಯಾವ ಹಂತದಲ್ಲಿ, ಎಷ್ಟೆಷ್ಟು, ಯಾವ ಕಾರಣದಿಂದ ಕರಗಿತು ಎಂಬ ಪ್ರಶ್ನೆಯನ್ನು ಅಷ್ಟೇ ಶ್ರದ್ಧೆಯಿಂದ ಕೇಳಿದವರು ಕಡಿಮೆ. ಮೂರು ದಶಕಗಳ ಕಾಲ ಕಡತಗಳ ನಡುವೆ ಕಳೆದ ನನಗೆ ಈ ಪ್ರಶ್ನೆಯನ್ನು ಕ್ರಮಬದ್ಧವಾಗಿ ಕೇಳುವ ವಿಧಾನವೊಂದು ದೊರೆತದ್ದು ಅರ್ಥಶಾಸ್ತ್ರದ ಗ್ರಂಥಗಳಲ್ಲಲ್ಲ, ಕಣ ಭೌತವಿಜ್ಞಾನದ ಪ್ರಯೋಗಾಲಯದ ಬರಹಗಳಲ್ಲಿ.

ಎಂ.ಎ. ತರಗತಿಯಲ್ಲಿ ನಾವು ಆರ್ಥರ್ ಒಕುನ್ ಅವರ ಸೋರುವ ಬಕೆಟ್ಟಿನ ಬಗ್ಗೆ ಗಂಟೆಗಟ್ಟಲೆ ವಾದಿಸುತ್ತಿದ್ದೆವು. ಅಮೆರಿಕದ ಆ ಅರ್ಥಶಾಸ್ತ್ರಜ್ಞರು 1975ರಲ್ಲಿ ಎತ್ತಿದ ಪ್ರಶ್ನೆ ಸರಳವಾಗಿತ್ತು: ಉಳ್ಳವರಿಂದ ಇಲ್ಲದವರಿಗೆ ಹಣ ಸಾಗಿಸುವ ಬಕೆಟ್ಟಿನಲ್ಲಿ ತೂತಿದೆ; ಎಷ್ಟು ಸೋರಿದರೆ ನೀವು ಸಾಗಿಸುವುದನ್ನು ನಿಲ್ಲಿಸುತ್ತೀರಿ? ಅದು ಮೌಲ್ಯದ ಪ್ರಶ್ನೆ. ಸೇವೆಗೆ ಸೇರಿದ ಮೇಲೆ ನನಗೆ ತಿಳಿದದ್ದು, ಆಡಳಿತದಲ್ಲಿ ಒಂದೇ ಬಕೆಟ್ ಇರುವುದಿಲ್ಲ ಎಂಬುದು. ಒಂದು ಬಕೆಟ್ಟಿನಿಂದ ಮತ್ತೊಂದಕ್ಕೆ, ಅದರಿಂದ ಇನ್ನೊಂದಕ್ಕೆ ಸುರಿಯುತ್ತ ಹೋಗಬೇಕು. ಒಂದೊಂದು ಹಂತದಲ್ಲಿ ರೂಪಾಯಿಗೆ ಹದಿನೇಳು ಪೈಸೆಯಂತೆ ಕಳೆದರೆ ಹತ್ತು ಹಂತ ದಾಟುವಷ್ಟರಲ್ಲಿ ಉಳಿಯುವುದು ಹದಿನೈದೂವರೆ ಪೈಸೆ. ಯಾರೂ ದೊಡ್ಡ ಕಳ್ಳರಾಗಬೇಕಿಲ್ಲ. ಹಂತಗಳ ಸಂಖ್ಯೆಯೇ ಸಾಕು.

ಈ ಗುಣಾಕಾರದ ಪೆಟ್ಟನ್ನು ಅತ್ಯಂತ ಗಂಭೀರವಾಗಿ ತೆಗೆದುಕೊಂಡವರು ಸಿಸಿಡಿ ಎಂಬ ಸಂವೇದಕದೊಡನೆ ಕೆಲಸ ಮಾಡುವ ವಿಜ್ಞಾನಿಗಳು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಸಾಧನ ಇದು. ನಲವತ್ತು ವರ್ಷಗಳ ನಂತರ, 2009ರಲ್ಲಿ, ಇದಕ್ಕಾಗಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮೊಬೈಲುಗಳು ಬರುವ ಮುನ್ನ ನಮ್ಮ ಮನೆಗಳಿಗೆ ಬಂದ ಡಿಜಿಟಲ್ ಕ್ಯಾಮೆರಾಗಳ ಒಳಗೆ ಇದ್ದದ್ದು ಬಹುಪಾಲು ಇದೇ. ಸಿಲಿಕಾನಿನ ತೆಳುಹಲ್ಲೆಯ ಮೇಲೆ ಸಾಲುಸಾಲಾಗಿ ಪಿಕ್ಸೆಲ್‌ಗಳಿರುತ್ತವೆ. ಬೆಳಕು ಅಥವಾ ವಿದ್ಯುದಾವೇಶವುಳ್ಳ ಕಣವೊಂದು ಬಿದ್ದಾಗ ಅಲ್ಲಿ ಎಲೆಕ್ಟ್ರಾನುಗಳ ಒಂದು ಪುಟ್ಟ ಗುಂಪು ಬಿಡುಗಡೆಯಾಗಿ ಆ ಪಿಕ್ಸೆಲ್ಲಿನಲ್ಲೇ ನಿಲ್ಲುತ್ತದೆ. ಎಣಿಸುವ ವ್ಯವಸ್ಥೆ ಇರುವುದು ಹಲ್ಲೆಯ ಅಂಚಿನಲ್ಲಿ ಮಾತ್ರ. ಆದ್ದರಿಂದ ವೋಲ್ಟೇಜನ್ನು ಏರಿಳಿಸುತ್ತ, ಎಲ್ಲ ಗುಂಪುಗಳನ್ನೂ ಒಮ್ಮೆಗೆ ಒಂದೊಂದು ಮನೆ ಮುಂದೆ ಸರಿಸುತ್ತ, ಅಂಚಿಗೆ ತಂದು ಎಣಿಸುತ್ತಾರೆ.

ನಂದಿಯ ಸೀಮೆಯವರಿಗೆ ಈ ವ್ಯವಸ್ಥೆ ಹೊಸದೆನಿಸಬಾರದು. ಅರ್ಕಾವತಿ, ಚಿತ್ರಾವತಿ, ಉತ್ತರ ಮತ್ತು ದಕ್ಷಿಣ ಪಿನಾಕಿನಿ ನದಿಗಳು ಈ ಬೆಟ್ಟಗಳ ಆಸುಪಾಸಿನಲ್ಲಿ ಹುಟ್ಟುತ್ತವೆಯಾದರೂ ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳ ಪಾಲಿಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಹಿರಿಯರು ಕಟ್ಟಿದ್ದು ಕೆರೆಗಳ ಸರಣಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ರಾಜಕಾಲುವೆಯ ಮೂಲಕ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವಾಗ ಸ್ವಲ್ಪ ಇಂಗುತ್ತದೆ, ಸ್ವಲ್ಪ ಆವಿಯಾಗುತ್ತದೆ, ಸ್ವಲ್ಪ ಹೂಳಿನ ಹೊಂಡಗಳಲ್ಲಿ ನಿಲ್ಲುತ್ತದೆ. ಸರಣಿಯ ಕೊನೆಯ ಕೆರೆಯ ಅಚ್ಚುಕಟ್ಟಿನ ರೈತನಿಗೆ ಈ ‘ಸ್ವಲ್ಪ’ಗಳ ಮೊತ್ತ ಏನೆಂದು ಯಾರೂ ಹೇಳಿಕೊಡಬೇಕಿಲ್ಲ.

ಕಣ ಭೌತವಿಜ್ಞಾನಕ್ಕೆ ಈ ಸಂವೇದಕದ ಅಗತ್ಯ ಏಕೆ ಬಿತ್ತು? ವೇಗವರ್ಧಕಗಳಲ್ಲಿ ಕಣಗಳು ಡಿಕ್ಕಿಯಾದಾಗ ಹುಟ್ಟುವ ಕೆಲವು ಭಾರವಾದ ಕಣಗಳು ಸೆಕೆಂಡಿನ ಲಕ್ಷ ಕೋಟಿಯ ಒಂದೆರಡು ಅಂಶದಷ್ಟು ಕಾಲ ಮಾತ್ರ ಬದುಕುತ್ತವೆ. ಅಷ್ಟರಲ್ಲಿ ಅವು ಚಲಿಸುವುದು ಕೆಲವೇ ಮಿಲಿಮೀಟರು. ಡಿಕ್ಕಿಯ ಬಿಂದು ಯಾವುದು, ಈ ಕಣ ಒಡೆದ ಬಿಂದು ಯಾವುದು ಎಂದು ಬೇರ್ಪಡಿಸಿ ಹೇಳಲು ಅತಿ ಸೂಕ್ಷ್ಮ ಪಿಕ್ಸೆಲ್‌ಗಳ ಪದರಗಳು ಬೇಕು. 1996ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವೇಗವರ್ಧಕ ಕೇಂದ್ರದ ಎಸ್‌ಎಲ್‌ಡಿ ಪ್ರಯೋಗದಲ್ಲಿ 96 ಸಿಸಿಡಿಗಳ, ಒಟ್ಟು ಸುಮಾರು 30 ಕೋಟಿ 70 ಲಕ್ಷ ಪಿಕ್ಸೆಲ್‌ಗಳ ಶೋಧಕವೊಂದು ಈ ಕೆಲಸಕ್ಕೆ ನಿಂತಿತು. 2012ರಲ್ಲಿ ಪತ್ತೆಯಾದ ಹಿಗ್ಸ್ ಕಣ ಒಡೆಯುವಾಗ ಅರ್ಧಕ್ಕಿಂತ ಹೆಚ್ಚು ಸಲ ಇಂಥ ಅಲ್ಪಾಯುಷಿಗಳೇ ಹೊರಬರುವುದರಿಂದ ಈ ವಿದ್ಯೆಯ ಬೆಲೆ ಮತ್ತಷ್ಟು ಏರಿದೆ.

ಈ ಕಥೆಗೆ ಬೆಂಗಳೂರಿನ ನಂಟೂ ಇದೆ. 2006ರ ಮಾರ್ಚ್‌ನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂತಾರಾಷ್ಟ್ರೀಯ ಲೀನಿಯರ್ ಕೊಲೈಡರ್ ಕುರಿತ ಜಾಗತಿಕ ಕಾರ್ಯಾಗಾರ ನಡೆಯಿತು. ಎಲೆಕ್ಟ್ರಾನು ಮತ್ತು ಪಾಸಿಟ್ರಾನುಗಳನ್ನು ನೇರ ಸುರಂಗದಲ್ಲಿ ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸುವ ಯಂತ್ರದ ಯೋಜನೆ ಅದು. ಇನ್ನೂ ಕಾಗದದ ಮೇಲೆಯೇ ಇದೆ. ಅದೇ ಸಂಸ್ಥೆಯ ಪ್ರಾಧ್ಯಾಪಕಿ, 2024ರಲ್ಲಿ ನಮ್ಮನ್ನಗಲಿದ ರೋಹಿಣಿ ಗೋಡಬೋಲೆಯವರು ಈ ಯಂತ್ರದಿಂದ ಏನೇನು ತಿಳಿಯಬಹುದೆಂಬ ವಿಷಯದಲ್ಲಿ ದೀರ್ಘಕಾಲ ದುಡಿದವರು. ಕಾರ್ಯಾಗಾರದ ಪ್ರಬಂಧಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಭೌತವಿಜ್ಞಾನ ಪತ್ರಿಕೆಯಲ್ಲಿ 2007ರಲ್ಲಿ ಪ್ರಕಟವಾದವು. ಆ ಪತ್ರಿಕೆಯ ಹೆಸರು ‘ಪ್ರಮಾಣ’. ಅಳತೆ, ಆಧಾರ ಎಂಬ ಎರಡೂ ಅರ್ಥಗಳಿರುವ ಆ ಹೆಸರು ಈ ವಿಷಯಕ್ಕೆ ಚೆನ್ನಾಗಿ ಒಪ್ಪುತ್ತದೆ. ಭೌತವಿಜ್ಞಾನ ಓದಿದ ನನ್ನ ಅಕ್ಕನ ಮಗಳು ಮೇಜಿನ ಮೇಲೆ ಇಂಥ ಪ್ರಬಂಧಗಳನ್ನು ಹರಡಿಕೊಂಡು ವಿವರಿಸದಿದ್ದರೆ ಅವು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಹೊಸ ಯಂತ್ರದ ಬೇಡಿಕೆ ಹಳೆಯದಕ್ಕಿಂತ ಬಲು ಕಠಿಣ. ಅದರಲ್ಲಿ ಕಣಗಳ ಕಂತೆಗಳು ಸೆಕೆಂಡಿಗೆ ಐದು ಬಾರಿ, ಪ್ರತಿ ಬಾರಿ ಸುಮಾರು ಒಂದು ಮಿಲಿಸೆಕೆಂಡಿನಷ್ಟು ಕಾಲ ಎಡೆಬಿಡದೆ ಡಿಕ್ಕಿಯಾಗುತ್ತವೆ. ಆ ಒಂದು ಮಿಲಿಸೆಕೆಂಡಿನಲ್ಲೇ ಸುಮಾರು ಇಪ್ಪತ್ತು ಸಲ ಇಡೀ ಹಲ್ಲೆಯನ್ನು ಓದಿ ಮುಗಿಸದಿದ್ದರೆ ಬೇಡದ ಕಣಗಳ ಗುರುತುಗಳು ಒಂದರ ಮೇಲೊಂದು ಬಿದ್ದು ಚಿತ್ರ ಕಲಸಿಹೋಗುತ್ತದೆ. ಬ್ರಿಟನ್ನಿನ ಎಲ್‌ಸಿಎಫ್‌ಐ ಎಂಬ ತಂಡ ಇದಕ್ಕೆ ಹೂಡಿದ ಉಪಾಯವೆಂದರೆ, ಎಲ್ಲ ಗುಂಪುಗಳನ್ನೂ ಒಂದೇ ಬಾಗಿಲಿಗೆ ತರುವ ಬದಲು ಪ್ರತಿಯೊಂದು ಕಂಬಸಾಲಿಗೂ ಅದರದೇ ಬಾಗಿಲು ಕೊಡುವುದು. ಒಂದು ಕಂಬಸಾಲಿನಲ್ಲಿ 2,500 ಮನೆಗಳಿವೆ ಎನ್ನೋಣ. ಸೆಕೆಂಡಿಗೆ ಐದು ಕೋಟಿ ಹೆಜ್ಜೆಯ ವೇಗದಲ್ಲಿ ಸರಿಸಿದರೆ ಐವತ್ತು ಮೈಕ್ರೊಸೆಕೆಂಡಿನಲ್ಲಿ ಓದು ಮುಗಿಯುತ್ತದೆ. ಒಂದೊಂದು ಮನೆಯಲ್ಲಿ ಎಲೆಕ್ಟ್ರಾನುಗಳ ಗುಂಪು ತಂಗುವುದು ಸೆಕೆಂಡಿನ ನೂರು ಕೋಟಿಯಲ್ಲಿ ಇಪ್ಪತ್ತು ಭಾಗದಷ್ಟು ಹೊತ್ತು.

ಈಗ ಸೋರಿಕೆಯ ಲೆಕ್ಕಕ್ಕೆ ಬರೋಣ. ಒಂದು ಹೆಜ್ಜೆಯಲ್ಲಿ ಲಕ್ಷಕ್ಕೆ ಒಂದು ಪಾಲು ಹಿಂದುಳಿದರೆ 2,500 ಹೆಜ್ಜೆಗಳ ನಂತರ ಕಳೆಯುವುದು ಶೇಕಡ 2.5. ಇದನ್ನು ಸಹಿಸಬಹುದು. ಹತ್ತು ಸಾವಿರಕ್ಕೆ ಒಂದಾದರೆ ನಷ್ಟ ಶೇಕಡ 22. ಸಾವಿರಕ್ಕೆ ಒಂದಾದರೆ, ಅಂದರೆ ಪ್ರತಿ ಹೆಜ್ಜೆಯಲ್ಲೂ ಶೇಕಡ 99.9ರಷ್ಟು ದಕ್ಷತೆಯಿದ್ದರೂ, ಕೊನೆಗೆ ಉಳಿಯುವುದು ನೂರರಲ್ಲಿ ಎಂಟು. ತನ್ನ ಹಂತದಲ್ಲಿ ಶೇಕಡ 99.9 ಸಾಧನೆ ಎಂದು ವರದಿ ಕಳುಹಿಸಿದ ಅಧಿಕಾರಿಗೆ ಬಹುಮಾನ ಕೊಡಬೇಕೆನಿಸುತ್ತದೆ. ಹಂತಗಳು ಹೆಚ್ಚಿರುವ ವ್ಯವಸ್ಥೆಯಲ್ಲಿ ಅಂಥ ಅಧಿಕಾರಿಗಳಿಂದಲೇ ತುಂಬಿದ ಇಲಾಖೆಯೂ ಫಲಾನುಭವಿಯ ಮನೆಗೆ ರೂಪಾಯಿಗೆ ಎಂಟು ಪೈಸೆ ಮುಟ್ಟಿಸಬಹುದು.

ಸಿಲಿಕಾನಿನಲ್ಲಿ ಸೋರಿಕೆ ಆಗುವ ಬಗೆ ಕುತೂಹಲಕರವಾದುದು. ಹೊಸ ಹಲ್ಲೆಯಲ್ಲಿ ಅದು ನಗಣ್ಯ. ಬಳಕೆಗೆ ಬಿದ್ದ ಮೇಲೆ, ಯಾವ ಕಣಗಳನ್ನು ನೋಡಲೆಂದು ಅದನ್ನು ಇಟ್ಟರೋ ಅವೇ ಕಣಗಳ ವಿಕಿರಣ ಸಿಲಿಕಾನಿನ ಪರಮಾಣುಗಳನ್ನು ಅವುಗಳ ಸ್ಥಾನದಿಂದ ಕದಲಿಸುತ್ತದೆ. ಖಾಲಿಯಾದ ಜಾಗ ಪಕ್ಕದ ಆಮ್ಲಜನಕದ ಅಥವಾ ರಂಜಕದ ಪರಮಾಣುವಿನೊಡನೆ ಸೇರಿ ಒಂದು ಬೋನಾಗುತ್ತದೆ. ದಾಟಿಹೋಗುವ ಗುಂಪಿನಿಂದ ಒಂದು ಎಲೆಕ್ಟ್ರಾನನ್ನು ಬೋನು ಹಿಡಿದಿಟ್ಟುಕೊಳ್ಳುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಬಿಡುತ್ತದೆ. ಅಷ್ಟರಲ್ಲಿ ಅದರ ಗುಂಪು ಮುಂದೆ ಹೋಗಿಯಾಗಿರುತ್ತದೆ. ಬಿಡುಗಡೆಯಾದ ಎಲೆಕ್ಟ್ರಾನು ಹಿಂದೆ ಬರುವ ಬೇರೊಬ್ಬರ ಲೆಕ್ಕಕ್ಕೆ ಜಮೆಯಾಗುತ್ತದೆ.

ಹೀಗಾಗಿ ಇಲ್ಲಿ ಕಳೆದುಹೋದದ್ದು ಮತ್ತು ತಡವಾಗಿ ಬಂದದ್ದು ಬೇರೆ ಬೇರೆ ಸಂಗತಿಗಳು. ಇವೆರಡನ್ನೂ ಒಂದೇ ಶೀರ್ಷಿಕೆಯಡಿ ಬರೆದುಕೊಂಡರೆ ಪರಿಹಾರ ಸಿಗುವುದಿಲ್ಲ. ಆದ್ದರಿಂದ ಪ್ರಯೋಗಕಾರರು ಕೊನೆಯ ಸಾಲನ್ನು ಓದಿದ ಮೇಲೂ ನಿಲ್ಲಿಸದೆ, ಏನೂ ಇರಬಾರದ ಖಾಲಿ ಸಾಲುಗಳನ್ನೂ ಓದುತ್ತ ಹೋಗುತ್ತಾರೆ. ಅಲ್ಲಿ ಬಂದು ಬೀಳುವ ಎಲೆಕ್ಟ್ರಾನುಗಳೇ ತಡವಾಗಿ ಬಂದವರ ಸಾಕ್ಷಿ. ನಮ್ಮಲ್ಲಿ ಮಾರ್ಚ್ 31ಕ್ಕೆ ಪುಸ್ತಕ ಮುಚ್ಚುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ಯಾರ ಕೈಗೆ ಏನು ತಲುಪಿತು, ಅದು ಯಾವ ವರ್ಷದ ಯಾವ ಬಾಬ್ತಿನದು ಎಂದು ನೋಡುವ ಪರಿಪಾಠ ಕಡಿಮೆ. ಶಾಲೆ ಮುಚ್ಚುವ ಹೊತ್ತಿಗೆ ಬಂದ ಸಮವಸ್ತ್ರದ ಬಟ್ಟೆ ಲೆಕ್ಕಪತ್ರದಲ್ಲಿ ನಷ್ಟವಲ್ಲ. ಮಗುವಿನ ಪಾಲಿಗೆ ಅದು ನಷ್ಟವೇ.

ಅಳತೆಯ ವಿಧಾನವನ್ನು ತುಸು ವಿವರವಾಗಿ ಹೇಳಬೇಕು. ಕಬ್ಬಿಣ-55 ಎಂಬ ವಿಕಿರಣಶೀಲ ಕಬ್ಬಿಣದ ಒಂದು ಚೂರು 5.9 ಕಿಲೊ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕ್ಷ-ಕಿರಣಗಳನ್ನು ಹೊರಸೂಸುತ್ತದೆ. ಅಂಥ ಒಂದು ಕಿರಣ ಸಿಲಿಕಾನಿನಲ್ಲಿ ಲೀನವಾದಾಗ ಸುಮಾರು 1,620 ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಇಪ್ಪತ್ತು ಮೈಕ್ರಾನು ದಪ್ಪದ ಸಿಲಿಕಾನನ್ನು ಒಂದು ವೇಗದ ಕಣ ಹಾದುಹೋದಾಗಲೂ ಹೆಚ್ಚುಕಡಿಮೆ ಇಷ್ಟೇ ಎಲೆಕ್ಟ್ರಾನುಗಳು ಏಳುತ್ತವಾದ್ದರಿಂದ ಇದು ಯೋಗ್ಯವಾದ ಮಾದರಿ. ಈ ಕಿರಣಗಳು ಹಲ್ಲೆಯ ಮೇಲೆಲ್ಲ ಸಮವಾಗಿ ಬೀಳುವಂತೆ ಮಾಡುತ್ತಾರೆ. ಬಾಗಿಲ ಪಕ್ಕದ ಮನೆಯಲ್ಲೂ 2,500ನೆಯ ಮನೆಯಲ್ಲೂ ಹಾಕಿದ ಠೇವಣಿ ಒಂದೇ. ಬಾಗಿಲಲ್ಲಿ ಎಣಿಸಿದಾಗ ದೂರದ ಮನೆಗಳಿಂದ ಬಂದದ್ದು ಕಡಿಮೆಯಿದ್ದರೆ ಅದು ದಾರಿಯ ದೋಷ.

ಮನೆಯ ದೂರವನ್ನು ಅಡ್ಡರೇಖೆಯಲ್ಲೂ ತಲುಪಿದ ಎಲೆಕ್ಟ್ರಾನುಗಳನ್ನು ಉದ್ದರೇಖೆಯಲ್ಲೂ ಗುರುತಿಸಿ, ಬಿಂದುಗಳ ನಡುವೆ ಒಂದು ಗೆರೆ ಎಳೆಯುತ್ತಾರೆ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಪರಿಚಿತವಾದ ರಿಗ್ರೆಶನ್ ಗೆರೆ. ಆ ಗೆರೆಯ ಇಳಿಜಾರು ಪ್ರತಿ ಹೆಜ್ಜೆಯ ನಷ್ಟವನ್ನು ಹೇಳುತ್ತದೆ. ವಿಕಿರಣಕ್ಕೆ ಒಡ್ಡುವ ಮುನ್ನ ಒಮ್ಮೆ, ಒಡ್ಡಿದ ಮೇಲೆ ಒಮ್ಮೆ, ಬೇರೆ ಬೇರೆ ಉಷ್ಣತೆಗಳಲ್ಲಿ, ಬೇರೆ ಬೇರೆ ವೇಗಗಳಲ್ಲಿ ಮತ್ತೆ ಮತ್ತೆ ಅಳೆಯುತ್ತಾರೆ.

ಈ ಗೆರೆ ಮುಖ್ಯವಾಗುವುದು ಏಕೆಂದರೆ ಸರಾಸರಿ ಇಲ್ಲಿ ವಂಚಿಸುತ್ತದೆ. ಹತ್ತು ಸಾವಿರಕ್ಕೆ ಒಂದು ಪಾಲಿನ ಸೋರಿಕೆಯಿರುವ ಹಲ್ಲೆಯ ಸರಾಸರಿ ನಷ್ಟ ಶೇಕಡ 11.5. ಕೇಳಲು ಅಷ್ಟು ಕೆಟ್ಟದ್ದಲ್ಲ. ಆದರೆ ಬಾಗಿಲ ಪಕ್ಕದವರ ನಷ್ಟ ಸೊನ್ನೆ, ಕೊನೆಯವರದು ಶೇಕಡ 22. ಸರಾಸರಿಯಷ್ಟೇ ಕಳೆದುಕೊಂಡವರು ನಡುವಿನ ಕೆಲವರು. ಜಿಲ್ಲಾ ಮಟ್ಟದ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ನಾನು ನೋಡಿದ ತಃಖ್ತೆಗಳಲ್ಲಿ ಬಹುತೇಕ ಎಲ್ಲವೂ ಸರಾಸರಿಗಳೇ. ತಾಲ್ಲೂಕು ಕಚೇರಿಯಿಂದ ಐದು ಕಿಲೊಮೀಟರ್ ದೂರದ ಹಳ್ಳಿಗೆಷ್ಟು, ನಲವತ್ತು ಕಿಲೊಮೀಟರ್ ದೂರದ ಗಡಿ ಹಳ್ಳಿಗೆಷ್ಟು ಎಂದು ದೂರದ ಕ್ರಮದಲ್ಲಿ ಜೋಡಿಸಿದ ತಃಖ್ತೆಯನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡದ್ದು ಬೆರಳೆಣಿಕೆಯಷ್ಟು.

ಇನ್ನೊಂದು ಎಚ್ಚರವನ್ನೂ ಈ ಕೆಲಸ ಕಲಿಸುತ್ತದೆ. ಬಾಗಿಲಲ್ಲಿ ಎಲೆಕ್ಟ್ರಾನುಗಳನ್ನು ಎಣಿಸುವಾಗ ಗದ್ದಲವೂ ಬೆರೆಯುವುದರಿಂದ, ಇಷ್ಟಕ್ಕಿಂತ ಕಡಿಮೆ ಬಂದರೆ ಲೆಕ್ಕಕ್ಕಿಲ್ಲ ಎಂಬ ಒಂದು ಮಿತಿ ಇಟ್ಟಿರುತ್ತಾರೆ. ದೂರದ ಮನೆಗಳಿಂದ ಹೊರಟ ಕೆಲವು ಗುಂಪುಗಳು ದಾರಿಯಲ್ಲಿ ಸೊರಗಿ ಆ ಮಿತಿಗಿಂತ ಕೆಳಗೆ ಬೀಳುತ್ತವೆ. ಮಿತಿ ದಾಟಿ ಬಂದವುಗಳನ್ನಷ್ಟೇ ಲೆಕ್ಕ ಹಾಕಿದರೆ ಸೋರಿಕೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಸೌಲಭ್ಯ ಪಡೆದವರ ಪಟ್ಟಿಯನ್ನು ಹಿಡಿದು ಸಮೀಕ್ಷೆಗೆ ಹೊರಡುವ ಇಲಾಖೆಗಳು ಮಾಡುವುದೂ ಇದನ್ನೇ. ಪಟ್ಟಿಯಲ್ಲಿ ಇಲ್ಲದವನನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ.

ಬೋನುಗಳ ನಡವಳಿಕೆಯಲ್ಲಿ ಅರ್ಥಶಾಸ್ತ್ರದವರು ಗಮನಿಸಬೇಕಾದ ಅಂಶವೊಂದಿದೆ. ಬೋನುಗಳ ಸಂಖ್ಯೆ ಸೀಮಿತ. ದೊಡ್ಡ ಗುಂಪು ಹಾದುಹೋದಾಗ ಅವು ತುಂಬಿ, ಗುಂಪಿನ ಬಹುಭಾಗ ಮುಂದೆ ಸಾಗುತ್ತದೆ. ಸಣ್ಣ ಗುಂಪು ಬಂದರೆ ಅದರ ದೊಡ್ಡ ಪಾಲೇ ಬೋನಿಗೆ ಹೋಗುತ್ತದೆ. ವೃದ್ಧಾಪ್ಯ ವೇತನ ನಿಂತುಹೋದುದನ್ನು ವಿಚಾರಿಸಲು ಹಳ್ಳಿಯ ಅಜ್ಜಿಯೊಬ್ಬಳು ಮೂರು ಸಲ ಪೇಟೆಗೆ ಬಂದರೆ ಬಸ್ಸಿನ ಚಾರ್ಜು, ಅರ್ಜಿ ಬರೆಸಿದ ಕೂಲಿ, ತಪ್ಪಿದ ದಿನಗೂಲಿ ಸೇರಿ ಅವಳ ಹಣದ ಎಷ್ಟೋ ಪಾಲು ಹೋಗುತ್ತದೆ. ಕೋಟಿ ರೂಪಾಯಿಯ ಕಾಮಗಾರಿಯ ಗುತ್ತಿಗೆದಾರನಿಗೂ ಅದೇ ಬಸ್ಸು, ಅದೇ ಕಚೇರಿ. ಅವನಿಗೆ ಆ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಬಡವರ ಪಾಲಿನ ಸೋರಿಕೆ ಹೆಚ್ಚಿರುವುದಕ್ಕೆ ದುರುದ್ದೇಶವೇ ಬೇಕೆಂದಿಲ್ಲ. ಹೊರಡುವ ಮೊತ್ತ ಚಿಕ್ಕದಾಗಿರುವುದೇ ಸಾಕು.

ಪರಿಹಾರಗಳಲ್ಲೂ ಪಾಠವಿದೆ. ಮೊದಲನೆಯದು, ಒಣಗಿದ ಕಾಲುವೆಯನ್ನು ಮೊದಲು ನೆನೆಸುವ ಉಪಾಯ. ಅಳೆಯಬೇಕಾದ ಗುಂಪು ಬರುವ ಮುನ್ನ ಸ್ವಲ್ಪ ವಿದ್ಯುದಾವೇಶವನ್ನು ಬೇಕೆಂದೇ ಹರಿಸಿ ಬೋನುಗಳನ್ನು ತುಂಬಿಸಿಬಿಟ್ಟರೆ ನಿಜವಾದ ಗುಂಪು ಸುರಕ್ಷಿತವಾಗಿ ದಾಟುತ್ತದೆ. ಎರಡನೆಯದು, ಉಷ್ಣತೆಯ ಆಯ್ಕೆ. ಬಹಳ ತಂಪಿನಲ್ಲಿ ಬೋನು ತಾನು ಹಿಡಿದದ್ದನ್ನು ದೀರ್ಘಕಾಲ ಬಿಡುವುದಿಲ್ಲವಾದ್ದರಿಂದ ತುಂಬಿಯೇ ಇದ್ದು ಮುಂದಿನವರಿಗೆ ತೊಂದರೆ ಕೊಡದು. ಬೆಚ್ಚಗಿದ್ದರೆ ಹಿಡಿದದ್ದನ್ನು ತಕ್ಷಣ ಬಿಡುವುದರಿಂದ ಎಲೆಕ್ಟ್ರಾನು ತನ್ನ ಗುಂಪನ್ನೇ ಸೇರಿಕೊಳ್ಳುತ್ತದೆ. ಹಾನಿ ಹೆಚ್ಚಿರುವುದು ಇವೆರಡರ ನಡುವೆ. ಬೋನುಗಳ ಜಾತಿ ಒಂದಕ್ಕಿಂತ ಹೆಚ್ಚಿರುವುದರಿಂದ ಒಂದರ ಹಾನಿ ಇಳಿದು ಇನ್ನೊಂದರ ಹಾನಿ ಏರದ ಕಿರಿದಾದ ಉಷ್ಣತೆಯ ಪಟ್ಟಿಯನ್ನು ಹುಡುಕಬೇಕು. ಅದು ಊಹೆಯಿಂದ ಸಿಗುವುದಿಲ್ಲ. ಒಂದೊಂದು ಡಿಗ್ರಿಯಾಗಿ ಅಳೆದೇ ಹುಡುಕಬೇಕು.

ಮೂರನೆಯದು, ಹಂತಗಳನ್ನೇ ಕಡಿಮೆ ಮಾಡುವುದು. ಪ್ರತಿ ಕಂಬಸಾಲಿಗೂ ಒಂದು ಬಾಗಿಲು ಕೊಟ್ಟದ್ದು ಈ ದಾರಿಯ ಒಂದು ಹೆಜ್ಜೆ. ಪ್ರತಿ ಪಿಕ್ಸೆಲ್ಲಿನಲ್ಲೇ ಎಣಿಸುವ ವ್ಯವಸ್ಥೆ ಇರುವ ಸಂವೇದಕಗಳು ನಂತರ ಬಂದವು. ಸರ್ನ್‌ನ ಆಲಿಸ್ ಪ್ರಯೋಗದಲ್ಲಿ ಈಗಿರುವ ಅಂಥ ಶೋಧಕದಲ್ಲಿ ಸುಮಾರು 1,250 ಕೋಟಿ ಪಿಕ್ಸೆಲ್‌ಗಳಿವೆ. ಎಲೆಕ್ಟ್ರಾನುಗಳು ಸಾಲುಗಟ್ಟಿ ನಡೆಯುವ ಪ್ರಮೇಯವೇ ಇಲ್ಲ. 2013ರ ಜನವರಿ 1ರಂದು ಆರಂಭವಾದ ನೇರ ನಗದು ವರ್ಗಾವಣೆಯ ಹಿಂದಿದ್ದ ತರ್ಕವೂ ಇದೇ. ಆದರೆ ಹಂತಗಳು ಕಡಿಮೆಯಾದ ಮಾತ್ರಕ್ಕೆ ಅಳತೆ ಬೇಡವಾಗುವುದಿಲ್ಲ. ಬ್ಯಾಂಕ್ ಖಾತೆಗೆ ಜಮೆಯಾದ ಹಣ ಯಾವ ದಿನ ಕೈಗೆ ಬಂತು, ಬೆರಳಚ್ಚು ಹೊಂದದೆ ಎಷ್ಟು ಜನ ವಾಪಸಾದರು ಎಂಬುದು ಉಳಿದಿರುವ ಹಂತಗಳ ಲೆಕ್ಕ.

ಇದೆಲ್ಲ ದೂರದ ದೇಶಗಳ ಮಾತು ಎಂದು ಓದುಗರು ಭಾವಿಸಬಾರದು. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡು 2019ರ ಜುಲೈ 22ರಂದು ಚಂದ್ರಯಾನ-2ರೊಡನೆ ಹೊರಟ ‘ಕ್ಲಾಸ್’ ಎಂಬ ಉಪಕರಣ ಈ ವಿದ್ಯೆಯ ಹತ್ತಿರದ ನೆಂಟ. ಅದರಲ್ಲಿ ಸಿಸಿಡಿಯ ಕುಲಕ್ಕೆ ಸೇರಿದ ಹದಿನಾರು ಶೋಧಕಗಳಿವೆ. ಅಲ್ಲಿ ಚಿತ್ರ ಬೇಕಿಲ್ಲ, ಕ್ಷ-ಕಿರಣದ ಶಕ್ತಿಯ ಅಳತೆಯಷ್ಟೇ ಬೇಕಾದ್ದರಿಂದ, ಎಲ್ಲೇ ಬಿದ್ದ ಎಲೆಕ್ಟ್ರಾನುಗಳನ್ನೂ ಗುಡಿಸಿ ಒಂದು ಮೂಲೆಗೆ ತಂದು ಎಣಿಸುತ್ತಾರೆ. ಗುಡಿಸುವಾಗ ಹಿಂದೆ ಬಿದ್ದದ್ದು ಇಲ್ಲೂ ನಷ್ಟವೇ. 2008ರ ಚಂದ್ರಯಾನ-1ರಲ್ಲಿ ಬ್ರಿಟನ್ನಿನ ಸಹಯೋಗದ ‘ಸಿ1ಎಕ್ಸ್‌ಎಸ್’ ಉಪಕರಣದಲ್ಲಿ ಇಂಥ 24 ಶೋಧಕಗಳಿದ್ದವು. ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಗಳನ್ನು ದಾಟುವಾಗ ಅವುಗಳ ಸೂಕ್ಷ್ಮತೆಗೆ ಪೆಟ್ಟು ಬಿದ್ದಿತ್ತು. ಆ ಅನುಭವದಿಂದ ಕಲಿತು ಕ್ಲಾಸ್‌ಗೆ ದಾರಿಯುದ್ದಕ್ಕೂ ಮುಚ್ಚಿರುವ ಬಾಗಿಲೊಂದನ್ನು ಇಟ್ಟರು. ಆ ಬಾಗಿಲ ಒಳಮೈಯಲ್ಲೇ ಕಬ್ಬಿಣ-55ರ ಚೂರುಗಳನ್ನು ಅಳವಡಿಸಿದರು. ಚಂದ್ರನ ಸುತ್ತ ತಿರುಗುತ್ತಿರುವಾಗಲೂ ಉಪಕರಣ ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕು ಎಂಬುದು ಅದರ ಉದ್ದೇಶ.

ಇದರಿಂದ ಆದ ಪ್ರಯೋಜನವೇನು? 2022ರಲ್ಲಿ ಇಸ್ರೊ ವಿಜ್ಞಾನಿಗಳು ಕ್ಲಾಸ್‌ನ ನೆರವಿನಿಂದ ಚಂದ್ರನ ಮೇಲಿನ ಸೋಡಿಯಂ ಹಂಚಿಕೆಯ ನಕ್ಷೆಯನ್ನು ಪ್ರಕಟಿಸಿದರು. ಸೋಡಿಯಂನ ಕ್ಷ-ಕಿರಣವೊಂದು ಶೋಧಕದಲ್ಲಿ ಎಬ್ಬಿಸುವುದು ಸುಮಾರು 285 ಎಲೆಕ್ಟ್ರಾನುಗಳನ್ನು. ಚಂದ್ರನ ಕಲ್ಲುಗಳಲ್ಲಿ ಹೇರಳವಾಗಿರುವ ಮೆಗ್ನೀಸಿಯಂನದು ಸುಮಾರು 343. ವ್ಯತ್ಯಾಸ ಅರುವತ್ತಕ್ಕೂ ಕಡಿಮೆ. ದಾರಿಯಲ್ಲಿ ಆರರಲ್ಲೊಂದು ಪಾಲು ಸೋರಿದರೆ ಮೆಗ್ನೀಸಿಯಂ ಹೋಗಿ ಸೋಡಿಯಂ ಎಂದು ದಾಖಲಾಗಬಹುದು. ತನ್ನ ಸೋರಿಕೆ ಎಷ್ಟೆಂದು ತಿಳಿದ ಉಪಕರಣ ಮಾತ್ರ ಇಂಥ ಮಾತನ್ನು ಧೈರ್ಯವಾಗಿ ಹೇಳಬಲ್ಲದು. ಹಬಲ್ ದೂರದರ್ಶಕದಲ್ಲಿ 2002ರಲ್ಲಿ ಅಳವಡಿಸಿದ ಕ್ಯಾಮೆರಾದ ಸಿಸಿಡಿಗಳು ವಿಕಿರಣದಿಂದ ಕೆಟ್ಟಾಗಲೂ, ನಷ್ಟ ಎಷ್ಟು, ಎಲ್ಲಿ ಎಂದು ಅಳೆದಿದ್ದರಿಂದ ಹಿಂದುಳಿದ ಎಲೆಕ್ಟ್ರಾನುಗಳನ್ನು ಲೆಕ್ಕಾಚಾರದಿಂದಲೇ ಅವುಗಳ ಮೂಲಸ್ಥಾನಕ್ಕೆ ಮರಳಿಸುವ ವಿಧಾನ ಸಾಧ್ಯವಾಯಿತು.

ಹೀಗಿದ್ದರೂ ಅಳತೆಯ ಕೆಲಸಕ್ಕೆ ಹಣ ಕೇಳುವುದು ಎಲ್ಲ ದೇಶಗಳಲ್ಲೂ ಕಷ್ಟ. ಎಲ್‌ಸಿಎಫ್‌ಐ ತಂಡದ ಮೇಲೆ ಹೇಳಿದ ಕೆಲಸ ಭರದಿಂದ ಸಾಗಿದ್ದಾಗಲೇ, 2007ರ ಕೊನೆಯಲ್ಲಿ ಬ್ರಿಟನ್ನಿನ ಅನುದಾನ ಮಂಡಳಿ ಲೀನಿಯರ್ ಕೊಲೈಡರ್ ಯೋಜನೆಯಿಂದ ಹಿಂದೆ ಸರಿಯಿತು. ನಮ್ಮ ಮುಂಗಡಪತ್ರಗಳಲ್ಲೂ ಕಟ್ಟಡಕ್ಕೆ, ಯಂತ್ರಕ್ಕೆ, ಉದ್ಘಾಟನೆಗೆ ಸಿಗುವ ಉತ್ಸಾಹ ಮೌಲ್ಯಮಾಪನದ ಶೀರ್ಷಿಕೆಗೆ ಸಿಗುವುದಿಲ್ಲ. ಅಳೆದಾಗ ಏನು ಗೊತ್ತಾಗಬಹುದೆಂಬುದಕ್ಕೆ ಯೋಜನಾ ಆಯೋಗದ 2005ರ ವರದಿ ಸಾಕ್ಷಿ. ಉದ್ದೇಶಿತ ಪಡಿತರ ವ್ಯವಸ್ಥೆಯಲ್ಲಿ ಕೇಂದ್ರದ ಸಂಗ್ರಹದಿಂದ ಹೊರಟ ಸಬ್ಸಿಡಿ ಧಾನ್ಯದ ಸುಮಾರು ಶೇಕಡ 58 ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳನ್ನು ತಲುಪುತ್ತಿರಲಿಲ್ಲ. ಬಡವರಿಗೆ ಒಂದು ರೂಪಾಯಿ ಮುಟ್ಟಿಸಲು ಸರ್ಕಾರಕ್ಕೆ 3 ರೂಪಾಯಿ 65 ಪೈಸೆ ತಗಲುತ್ತಿತ್ತು. ಹದಿನೈದು ಪೈಸೆಯ ಮಾತಿಗಿಂತ ಈ ಅಂಕಿಗಳು ಸುಧಾರಣೆಯ ಚರ್ಚೆಗೆ ಹೆಚ್ಚು ಉಪಯುಕ್ತವಾದವು, ಏಕೆಂದರೆ ಅವು ಅಳೆದು ಬಂದವು.

ಹೋಲಿಕೆಗೆ ಮಿತಿಯಿದೆ ಎಂಬುದನ್ನು ಒಪ್ಪುತ್ತೇನೆ. ಎಲೆಕ್ಟ್ರಾನಿಗೆ ಆಸೆಯಿಲ್ಲ, ಬೋನಿಗೆ ಮೇಜಿನ ಕೆಳಗೆ ಚಾಚುವ ಕೈಯಿಲ್ಲ. ಅಳೆಯುತ್ತಿದ್ದಾರೆಂದು ತಿಳಿದೊಡನೆ ಸಿಲಿಕಾನು ತನ್ನ ನಡತೆ ಬದಲಿಸುವುದಿಲ್ಲ; ಮನುಷ್ಯರು ಬದಲಿಸುತ್ತಾರೆ. ಆದ್ದರಿಂದ ಆಡಳಿತದಲ್ಲಿ ಅಳತೆ ಇನ್ನೂ ಕಷ್ಟದ ಕೆಲಸ. ಕಷ್ಟವೆಂಬುದು ಬಿಟ್ಟುಬಿಡಲು ಕಾರಣವಾಗದು. ಶಿಡ್ಲಘಟ್ಟದ ರೀಲರ್ ಒಂದು ಕಿಲೊ ರೇಷ್ಮೆಗೆ ಎಷ್ಟು ಕಿಲೊ ಗೂಡು ಹೋಯಿತೆಂಬ ರೆಂಡಿಟ್ಟಾ ಲೆಕ್ಕವನ್ನು ಬಿಡುವುದಿಲ್ಲ. ಅದು ತಪ್ಪಿದರೆ ಅವನ ಮನೆ ನಡೆಯದು. ತನ್ನ ದುಡ್ಡಿನ ವಿಷಯದಲ್ಲಿ ಎಲ್ಲರೂ ಈ ಶಿಸ್ತನ್ನು ಪಾಲಿಸುತ್ತಾರೆ. ಸಾರ್ವಜನಿಕರ ದುಡ್ಡಿಗೆ ಮಾತ್ರ ಏಕೆ ಬೇಡ?

ನನ್ನ ಸಲಹೆ ದೊಡ್ಡದೇನಲ್ಲ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆ ನಮ್ಮ ಕಣ್ಣ ಮುಂದಿದೆ. ಪಂಪ್‌ಹೌಸಿನಿಂದ ಹೊರಟ ನೀರಿನ ಪ್ರಮಾಣದ ಪಕ್ಕದಲ್ಲಿ ಸರಣಿಯ ಪ್ರತಿಯೊಂದು ಕೆರೆಗೂ ತಲುಪಿದ ಪ್ರಮಾಣವನ್ನು, ಪಂಪ್‌ಹೌಸಿನಿಂದ ಇರುವ ದೂರದ ಕ್ರಮದಲ್ಲಿ, ತಿಂಗಳಿಗೊಮ್ಮೆ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಯುವಂತಾಗಲಿ. ಇಂಗಿದ ನೀರು ಕೊಳವೆಬಾವಿಗೆ ಬಂದರೆ ಅದನ್ನು ನಷ್ಟವೆನ್ನದೆ ತಡವಾಗಿ ಬಂದದ್ದೆಂದು ಬೇರೆ ಕಲಮಿನಲ್ಲಿ ತೋರಿಸಲಿ. ಹೊಸ ಯೋಜನೆಗಳ ಮಂಜೂರಾತಿ ಆದೇಶದಲ್ಲೇ, ನಡುವಿನ ಹಂತಗಳೆಷ್ಟು, ಪ್ರತಿ ಹಂತದಲ್ಲಿ ಏನನ್ನು ಯಾರು ಎಣಿಸುತ್ತಾರೆ, ತಲುಪದವರನ್ನು ಹುಡುಕುವ ಹೊಣೆ ಯಾರದು ಎಂಬ ಮೂರು ಸಾಲುಗಳಿರಲಿ. ಅದಕ್ಕೆ ಬೇಕಾದ ಹಣವನ್ನು ಯೋಜನೆಯ ಮೊತ್ತದೊಳಗೇ ತೆಗೆದಿಡಲಿ. ಕೊರತೆ ಬಂದಾಗ ಮೊದಲು ಕತ್ತರಿಸುವ ಬಾಬ್ತು ಅದಾಗದಿರಲಿ.

ಚಂದ್ರನವರೆಗೆ ಹೋಗುವ ಉಪಕರಣದೊಳಗೆ ಅದರ ಲೋಪವನ್ನು ತೋರಿಸುವ ಕಬ್ಬಿಣದ ಚೂರನ್ನು ಇಟ್ಟು ಕಳುಹಿಸುವಷ್ಟು ವಿವೇಕ ಬೆಂಗಳೂರಿನ ವಿಜ್ಞಾನಿಗಳಿಗಿತ್ತು. ಅರುವತ್ತು ಕಿಲೊಮೀಟರ್ ದೂರದ ಕೆರೆಗೆ ಹೋಗುವ ನೀರಿನ ವಿಷಯದಲ್ಲಿ, ಹಳ್ಳಿಯ ಅಜ್ಜಿಗೆ ಹೋಗುವ ಹಣದ ವಿಷಯದಲ್ಲಿ ಅಷ್ಟೇ ವಿವೇಕವನ್ನು ಸರ್ಕಾರದಿಂದ ನಿರೀಕ್ಷಿಸುವ ಹಕ್ಕು ತೆರಿಗೆದಾರರಿಗಿದೆ. ಅಳತೆಯನ್ನು ಕೊನೆಯ ಮನೆಯಿಂದ ಆರಂಭಿಸಿದರೆ ಸಾಕು, ನಡುವೆ ಎಲ್ಲಿ ತೂತಿದೆಯೆಂಬುದು ತಾನಾಗಿಯೇ ಕಾಣತೊಡಗುತ್ತದೆ.